ಇಕಾಮದಿಂದ ಆರ್‌ಟಿಸಿವರೆಗೆ

ಇಕಾಮ, ಕಫೀಲ್, ಬತಾಕ. ಈ ಮೂರು ಅರಬ್ಬಿ ಪದಗಳನ್ನು ಕರಾವಳಿಯವರು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಆದರೂ ಕಾಪು, ಶಿರ್ವ, ಬೆಳ್ಮಣ್, ಕಾರ್ಕಳ ಕಡೆಯಲ್ಲಿ ಒಬ್ಬನಾದರೂ ಗಲ್ಫಿಗೆ ಹೋದ ಮನೆಯಾದರೆ ಅಲ್ಲಿನ ಅಜ್ಜಿಗೂ ಇವುಗಳ ಅರ್ಥ ಗೊತ್ತು. ಮಗ ವಿಮಾನ ಹತ್ತಿದ ಕೆಲವೇ ವಾರಗಳಲ್ಲಿ ನೆರೆಮನೆಯವರು ಕೇಳುವುದು ಸಂಬಳ ಎಷ್ಟು ಎಂದಲ್ಲ, "ಇಕಾಮ ಆಂಡಾ?" ಎಂದು. ಆಯಿತು ಎಂದರೆ ಹುಡುಗ ಅಲ್ಲಿ ನೆಲೆ ನಿಂತ ಎಂದು ಲೆಕ್ಕ. ಆಗಿಲ್ಲ ಎಂದರೆ ಕೆಲಸ, ಊಟ, ಮಲಗಲು ಮಂಚ ಎಲ್ಲ ಇದ್ದರೂ ಅವನು ಇನ್ನೂ ದಾರಿಯಲ್ಲೇ ಇದ್ದಾನೆ.

ಇಕಾಮ ಎಂದರೆ ವಾಸದ ಪರವಾನಿಗೆ. ಈ ಹೆಸರು ಹೆಚ್ಚಾಗಿ ಸೌದಿ ಅರೇಬಿಯದ ಬಳಕೆಯದು. ಕುವೈತಿನಲ್ಲಿ ಇದೇ ಕೆಲಸ ಮಾಡುವ ಕಾರ್ಡಿಗೆ ಸಿವಿಲ್ ಐಡಿ, ಬಹರೈನಿನಲ್ಲಿ ಸಿಪಿಆರ್, ಒಮಾನಿನಲ್ಲಿ ಬತಾಕ, ಯುಎಇಯಲ್ಲಿ ಎಮಿರೇಟ್ಸ್ ಐಡಿ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಈ ಕಾರ್ಡಿಲ್ಲದೆ ಫೋನಿನ ಸಿಮ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಬಾಡಿಗೆ ಕರಾರು ಇಲ್ಲ, ವಾಹನ ಪರವಾನಿಗೆ ಇಲ್ಲ. ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದವರಿಗೂ ಮೊದಲ ತಿಂಗಳುಗಳಲ್ಲಿ ಇಂಥದ್ದೇ ಓಡಾಟ ಇರುತ್ತದೆ. ವ್ಯತ್ಯಾಸವೆಂದರೆ ಅವರಲ್ಲಿ ಹಲವರು ಒಂದು ದಿನ ಆ ದೇಶದ ಪ್ರಜೆಗಳಾಗುತ್ತಾರೆ, ಓಡಾಟ ಮುಗಿಯುತ್ತದೆ. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದವನೂ ಸಾಮಾನ್ಯವಾಗಿ ಆ ದೇಶದ ಪ್ರಜೆಯಾಗುವುದಿಲ್ಲ. ಕಾರ್ಡು ನವೀಕರಣವಾಗುತ್ತಾ ಹೋಗುತ್ತದೆ, ಅಷ್ಟೆ. ಆದ್ದರಿಂದಲೇ ಉಡುಪಿ ಜಿಲ್ಲೆಯಿಂದ ಹೋದವನು ಎಲ್ಲ ವ್ಯವಹಾರವನ್ನೂ ಎರಡು ಕಡೆ ಮಾಡಬೇಕು. ಅಲ್ಲಿ ಕಫೀಲನ ಕಚೇರಿಯಲ್ಲಿ ಒಮ್ಮೆ, ಇಲ್ಲಿ ತಾಲೂಕು ಕಚೇರಿಯಲ್ಲಿ ಒಮ್ಮೆ.

ಈ ದಾರಿ ಹಳೆಯದು. ತುಳುನಾಡಿನವರಿಗೆ ಮೊದಲ ಪರದೇಶ ಮುಂಬಯಿ. ಅಲ್ಲಿಂದ ಹಡಗು ಹತ್ತಿದರೆ ಮಸ್ಕತ್, ದುಬಾಯಿ, ಬಹರೈನ್, ಕುವೈತ್. ಬ್ರಿಟಿಷ್ ಇಂಡಿಯಾ ಕಂಪೆನಿಯ 'ದ್ವಾರಕಾ' ಹಡಗು 1982ರವರೆಗೂ ಈ ಮಾರ್ಗದಲ್ಲಿ ಓಡಾಡಿತು. ಇಂದಿನ ಹುಡುಗರಿಗೆ ನಂಬಲು ಕಷ್ಟವಾದರೂ, ಒಂದು ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರುತ್ತಿದ್ದುದನ್ನು ತಡೆಯಲು ರಿಸರ್ವ್ ಬ್ಯಾಂಕ್ 1959ರಲ್ಲಿ ಗಲ್ಫಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್ ತಂದವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದಾಗ ದುಬಾಯಿ, ಕತಾರ್ ಕೂಡ ಅದನ್ನು ಕೈಬಿಟ್ಟವು. ಕೊನೆಗೆ ಬಿಟ್ಟದ್ದು ಒಮಾನ್, 1970ರಲ್ಲಿ. ಮುಂದೆ 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಆ ನಾಡುಗಳಿಗೆ ಬಡಗಿ, ಗಾರೆಯವ, ಡ್ರೈವರ್, ನರ್ಸ್, ಗುಮಾಸ್ತ ಎಲ್ಲರೂ ಬೇಕಾದರು. ಪಾಸ್‌ಪೋರ್ಟಿಗೆ ಬೆಂಗಳೂರು, ವೀಸಾಕ್ಕೆ ಮುಂಬಯಿ, ಅಲ್ಲಿ ಊರವರ ರೂಮಿನಲ್ಲಿ ವಾರಗಟ್ಟಲೆ ಕಾಯುವಿಕೆ. ಬಜ್ಪೆಯಿಂದ ನೇರ ದುಬಾಯಿಗೆ ವಿಮಾನ ಹಾರಿದ್ದು 2006ರಲ್ಲಿ.

ಹೊರಡುವ ಮೊದಲೇ ಒಂದು ತಡೆ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಇಸಿಆರ್ ವರ್ಗಕ್ಕೆ ಸೇರುತ್ತದೆ. ಗಲ್ಫ್ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗಲು ಅಂಥವರು ವಲಸೆ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಇದು ಕಿರಿಕಿರಿ ಎಂದು ಅನೇಕರು ಏಜೆಂಟರ ಮಾತು ಕೇಳಿ ಭೇಟಿ ವೀಸಾದಲ್ಲಿ ಹೋಗಿಬಿಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಈ ಒಪ್ಪಿಗೆಯ ಜೊತೆಗೇ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆ ಬರುತ್ತದೆ. ಎರಡು ವರ್ಷದ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375. ಏಜೆಂಟನಿಗೆ ಕೊಡುವ ಹಣದ ಮುಂದೆ ಇದು ಒಂದು ಹೊತ್ತಿನ ಊಟದ ಖರ್ಚು.

ಅಲ್ಲಿ ಇಳಿದ ಮೇಲೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಕಾರ್ಡು. ಎಲ್ಲವೂ ಕಫೀಲನ ಹೆಸರಿನಲ್ಲಿ. ಕಫೀಲ್ ಎಂದರೆ ಜಾಮೀನು ನಿಂತವನು, ಅಂದರೆ ಕೆಲಸ ಕೊಟ್ಟ ಮಾಲಿಕ. ಅವನನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕಾದರೆ ಅವನದೇ ಎನ್‌ಒಸಿ. ನೌಕರನ ಪಾಸ್‌ಪೋರ್ಟನ್ನು ಮಾಲಿಕ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾದರೂ ಬಹುಕಾಲ ರೂಢಿಯಲ್ಲಿತ್ತು, ಪೂರ್ತಿ ನಿಂತಿಲ್ಲ. ಕತಾರ್ 2020ರಲ್ಲಿ ಎನ್‌ಒಸಿಯ ಕಡ್ಡಾಯವನ್ನು ತೆಗೆಯಿತು. ಸೌದಿ 2021ರಲ್ಲಿ ಕೆಲವು ವರ್ಗದ ನೌಕರರಿಗೆ ಸಡಿಲಿಸಿತು. ಹಿಂದೆ 'ಫ್ರೀ ವೀಸಾ' ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ನಡೆಯುತ್ತಿತ್ತು. ಕಾಗದದಲ್ಲಿ ಒಬ್ಬ ಮಾಲಿಕ, ದುಡಿಯುವುದು ಇನ್ನೊಬ್ಬನಲ್ಲಿ. ಅದು ಫ್ರೀಯೂ ಅಲ್ಲ, ಕಾನೂನಿಗೆ ಒಪ್ಪಿಗೆಯೂ ಅಲ್ಲ. ಸಿಕ್ಕಿಬಿದ್ದರೆ ಗಡೀಪಾರು. ಅಂಥವರಿಗೆ ಉಳಿದಿದ್ದ ದಾರಿ ಆಗಾಗ ಬರುವ ಸಾರ್ವಜನಿಕ ಕ್ಷಮಾದಾನ. ಯುಎಇಯಲ್ಲಿ 1996, 2007, 2018, 2024ರಲ್ಲಿ ಅಂಥ ಅವಕಾಶ ಬಂದಿತ್ತು.

ನಮ್ಮವರನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಮಾತ್ರ ಕಫೀಲನಲ್ಲ, ಹೆಸರು.

1955ರಲ್ಲಿ ಕಾಪುವಿನಲ್ಲಿ ಹುಟ್ಟಿದ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ಹುಟ್ಟಿದಾಗ ಅವನ ಊರು ಮದ್ರಾಸ್ ರಾಜ್ಯದ ಸೌತ್ ಕೆನರಾ ಜಿಲ್ಲೆಯದು. ಮರುವರ್ಷ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡ ಒಡೆದು ಉಡುಪಿ ಜಿಲ್ಲೆ. 2018ರಲ್ಲಿ ಉಡುಪಿ ತಾಲೂಕಿನಿಂದ ಬೇರ್ಪಟ್ಟು ಕಾಪು ತಾಲೂಕು. ಸಾಲದ್ದಕ್ಕೆ ಇಂಗ್ಲಿಷ್ ಕಾಗದಗಳಲ್ಲಿ ಒಂದು ಕಡೆ ಕಾಪು, ಇನ್ನೊಂದು ಕಡೆ ಕೌಪ್. ಮನುಷ್ಯ ಜಗಲಿ ಬಿಟ್ಟು ಇಳಿದಿಲ್ಲ, ವಿಳಾಸ ನಾಲ್ಕು ಸಲ ಬದಲಾಗಿದೆ. ಇದನ್ನು ಅರಬ್ಬಿ ಗುಮಾಸ್ತನಿಗೆ ವಿವರಿಸುವುದು ಹೇಗೆ?

ಜನ್ಮದಿನದ್ದು ಇನ್ನೊಂದು ಕತೆ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಸರಿಹೊಂದಿಸಿ ಮೇ ತಿಂಗಳದ್ದೋ ಜೂನ್ ತಿಂಗಳದ್ದೋ ಒಂದು ತಾರೀಕು ಬರೆಯುತ್ತಿದ್ದರು. ಮನೆಯವರ ಲೆಕ್ಕ ಸೋಣ ತಿಂಗಳು, ಇಂಥ ನಕ್ಷತ್ರ. ಮೇಷ್ಟ್ರು ಬರೆದ ತಾರೀಕು ಪಾಸ್‌ಪೋರ್ಟಿಗೆ ಹೋಯಿತು, ಅಲ್ಲಿಂದ ಕುವೈತಿನ ಸಿವಿಲ್ ಐಡಿಗೆ ಹೋಯಿತು. ಆ ಕಾರ್ಡಿನ 12 ಅಂಕಿಗಳಲ್ಲಿ ಎರಡನೆಯದರಿಂದ ಏಳನೆಯದರವರೆಗೆ ಇರುವುದು ಹುಟ್ಟಿದ ವರ್ಷ, ತಿಂಗಳು, ದಿನ. ಹೀಗೆ ಒಬ್ಬ ಹೆಡ್‌ಮಾಸ್ಟರರ ಅಂದಾಜು ಪರದೇಶದಲ್ಲಿ ಒಬ್ಬನ ಗುರುತಿನ ಸಂಖ್ಯೆಯೇ ಆಗಿಬಿಟ್ಟಿತು. ಇಲ್ಲಿ ಆಧಾರ್ ಮಾಡಿಸುವಾಗ ಜಾತಕದ ತಾರೀಕು ಕೊಟ್ಟವರು ಮತ್ತೆ ತಿದ್ದಿಸಲು ಓಡಾಡಬೇಕಾಗುತ್ತದೆ.

ಇನ್ನು ಹೆಸರು. ಶಾಲೆಯ ಸರ್ಟಿಫಿಕೇಟಿನಲ್ಲಿ ಬರೀ ಸದಾನಂದ, ಪಾಸ್‌ಪೋರ್ಟಿನಲ್ಲಿ ಸದಾನಂದ ಪೂಜಾರಿ, ಜಾಗದ ಕಾಗದದಲ್ಲಿ ಸದಿಯ ಎಂದಿರುವುದು ಹಳೆ ತಲೆಮಾರಿನಲ್ಲಿ ಅಪರೂಪವಲ್ಲ. ಬಂಟರು, ಬಿಲ್ಲವರು ಮೊದಲಾದವರ ಅಳಿಯಸಂತಾನ ಮನೆಗಳಲ್ಲಿ ಬಳಿ ತಾಯಿಯದು. ತಂದೆಯ ಉಪನಾಮ ಹಿಡಿಯುವವರೂ ಇದ್ದಾರೆ, ತಾಯಿಯದನ್ನು ಹಿಡಿಯುವವರೂ ಇದ್ದಾರೆ. ಗಲ್ಫಿನ ಅರ್ಜಿಗಳು ಹೆಸರು, ತಂದೆಯ ಹೆಸರು, ಕುಟುಂಬದ ಹೆಸರು ಎಂಬ ಕ್ರಮವನ್ನು ಕೇಳುತ್ತವೆ. 2022ರ ನವೆಂಬರ್ 21ರಿಂದ ಯುಎಇ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಬಳಿಕ ಸ್ಪಷ್ಟಪಡಿಸಿತು. ಮಗನ ಮನೆ ನೋಡಲು ಹೊರಟ ಹಳ್ಳಿಯ ತಾಯಂದಿರಿಗೆ ಇದರ ಬಿಸಿ ಹೆಚ್ಚು ತಟ್ಟುವಂಥದ್ದು. ಅವರಲ್ಲಿ ಅನೇಕರಿಗೆ ಇರುವುದು ಒಂದೇ ಹೆಸರು.

ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಯುಎಇಯಲ್ಲಿ ತಿಂಗಳಿಗೆ 4 ಸಾವಿರ ದಿರ್‌ಹಂ ಸಂಬಳ, ಇಲ್ಲವೆ ವಸತಿಯ ಜೊತೆ 3 ಸಾವಿರ ಇರಬೇಕು. ಅದಕ್ಕಿಂತ ಮೊದಲು ಮದುವೆಯಾದದ್ದಕ್ಕೆ ಸಾಕ್ಷಿ ಬೇಕು. ಧಾರೆಯ ಫೋಟೋ, ಸಭಾಭವನದ ರಸೀದಿ, ಲಗ್ನಪತ್ರಿಕೆ ಇವು ಯಾವುವೂ ಸಾಲವು. ನೋಂದಣಿ ಕಚೇರಿಯಿಂದ ಮದುವೆಯ ಸರ್ಟಿಫಿಕೇಟು ಪಡೆದು, ರಾಜ್ಯ ಸರಕಾರ, ದಿಲ್ಲಿಯ ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರಿ ಕಚೇರಿ ಹೀಗೆ ಒಂದರ ಮೇಲೊಂದು ಮೊಹರು ಹಾಕಿಸಬೇಕು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪೋಸ್ಟಿಲ್ ಎಂಬ ಒಂದೇ ಮೊಹರು ಸಾಕು. ಭಾರತ 2005ರಲ್ಲಿ, ಒಮಾನ್ 2012ರಲ್ಲಿ, ಬಹರೈನ್ 2013ರ ಕೊನೆಗೆ, ಸೌದಿ 2022ರ ಡಿಸೆಂಬರ್‌ನಲ್ಲಿ ಆ ವ್ಯವಸ್ಥೆಗೆ ಬಂದವು. ಹದಿನೈದು ದಿನದ ರಜೆಯಲ್ಲಿ ಬಂದು ಮದುವೆಯಾಗಿ ಹೋಗುವ ಹುಡುಗನ ಮಟ್ಟಿಗೆ ಇದು ಸಣ್ಣ ಉಪಕಾರವಲ್ಲ. ಮದುವೆಯ ಮಾರನೆಯ ವಾರವೇ ಉಡುಪಿ ಅಥವಾ ಕಾರ್ಕಳದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರಸಿನದ ಬಣ್ಣ ಮಾಸದ ಜೋಡಿಗಳು ಕಾಣಿಸುವುದು ಇದೇ ಕಾರಣಕ್ಕೆ.

ಮನೆ ಹಿಡಿಯುವುದು, ಗಾಡಿ ಓಡಿಸುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮದುವೆಯಾಗುವವರೆಗೆ ಬೆಡ್ ಸ್ಪೇಸ್, ಅಂದರೆ ಒಂದು ಕೋಣೆಯಲ್ಲಿ ಒಂದು ಮಂಚದ ಬಾಡಿಗೆ. ಊರಿನ ನಾಲ್ಕು ಜನ ಸೇರಿದರೆ ಒಂದು ಮೆಸ್, ಮೀನು ಸಾರು. ಉಡುಪಿಯಲ್ಲಿ ಬಸ್ಸು ಓಡಿಸಿದವನೂ ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ಮೊದಲಿನಿಂದ ಕಲಿತು ಪರೀಕ್ಷೆ ಕೊಡಬೇಕು. ಮೂರು ನಾಲ್ಕು ಸಲ ಫೇಲಾಗುವುದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಸಂಸಾರಕ್ಕೆಂದು ಫ್ಲ್ಯಾಟ್ ಹಿಡಿದಾಗ ಮಾತ್ರ ಎಚ್ಚರ ಬೇಕು. ದುಬಾಯಿಯಲ್ಲಿ ಬಾಡಿಗೆ ವರ್ಷದ ಲೆಕ್ಕ. ಮುಂದಿನ ತಾರೀಕು ಬರೆದ ಚೆಕ್ಕುಗಳನ್ನು ಮೊದಲೇ ಕೊಡಬೇಕು. ಕೆಲಸ ಹೋಗಿ ಚೆಕ್ಕು ಮರಳಿದರೆ ಹಿಂದೆ ನೇರ ಕ್ರಿಮಿನಲ್ ಕೇಸು, ಪ್ರಯಾಣಕ್ಕೆ ತಡೆ. 2022ರ ಜನವರಿಯಿಂದ ಹಣವಿಲ್ಲದೆ ಮರಳಿದ ಚೆಕ್ಕನ್ನು ಬಹುಮಟ್ಟಿಗೆ ಸಿವಿಲ್ ವ್ಯವಹಾರವಾಗಿ ನೋಡಲಾಗುತ್ತಿದೆ.

ಹಣ ಕಳಿಸುವ ಬಗೆಯಲ್ಲಿ ಉಡುಪಿ ಜಿಲ್ಲೆಗೆ ತನ್ನದೇ ನಂಟಿದೆ. ಮೊದಲು ಅಂಚೆಯಲ್ಲಿ ಬರುವ ಡಿಮಾಂಡ್ ಡ್ರಾಫ್ಟ್, ಇಲ್ಲವೆ ರಜೆಗೆ ಬರುವ ಊರವನ ಕೈಯಲ್ಲಿ, ಇಲ್ಲವೆ ಕಾನೂನಿನ ಹೊರಗಿನ ಹುಂಡಿ. ಕಾಪುವಿನವರೇ ಆದ ಬಿ. ಆರ್. ಶೆಟ್ಟಿ 1973ರಲ್ಲಿ ಅಬುಧಾಬಿಗೆ ಹೋಗಿ ಔಷಧಿ ಮಾರಾಟದಿಂದ ಆರಂಭಿಸಿ 1975ರಲ್ಲಿ ಎನ್‌ಎಂಸಿ ಆಸ್ಪತ್ರೆಗೆ ಅಡಿಪಾಯ ಹಾಕಿದರು. 1980ರಲ್ಲಿ ಶುರುವಾಗಿ ಮುಂದೆ ಅವರ ಹೆಸರಿನೊಂದಿಗೇ ಬೆಸೆದುಕೊಂಡ ಯುಎಇ ಎಕ್ಸ್‌ಚೇಂಜ್ ಮೂಲಕ ಕರಾವಳಿಯ ಎಷ್ಟೋ ಮನೆಗಳಿಗೆ ಹಣ ಬಂದಿದೆ. 2020ರಲ್ಲಿ ಎನ್‌ಎಂಸಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಎಕ್ಸ್‌ಚೇಂಜ್ ಹೊಸ ವ್ಯವಹಾರ ನಿಲ್ಲಿಸಿತು. ಅದೇ ವರ್ಷ ಏಪ್ರಿಲ್ 1ರಂದು ಇಲ್ಲಿ ಇನ್ನೊಂದು ಬದಲಾವಣೆ. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. 1925ರಲ್ಲಿ ಟಿ. ಎಂ. ಎ. ಪೈ ಮೊದಲಾದವರು ಆರಂಭಿಸಿದ, ಮಣಿಪಾಲವನ್ನೇ ನೆಲೆಯಾಗಿಸಿಕೊಂಡ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿತು. ಕಳಿಸುವ ಸಂಸ್ಥೆ ಅಲ್ಲಿ ನಿಂತಿತು, ತೆಗೆದುಕೊಳ್ಳುವ ಬ್ಯಾಂಕಿನ ಹೆಸರು ಇಲ್ಲಿ ಅಳಿಯಿತು. ಮರುವರ್ಷ ಹಳೆಯ ಐಎಫ್‌ಎಸ್‌ಸಿ ಸಂಕೇತಗಳೂ ರದ್ದಾದವು.

ಬ್ಯಾಂಕಿನ ವಿಷಯದಲ್ಲಿ ಅನೇಕರು ಕಡೆಗಣಿಸುವ ನಿಯಮವೊಂದಿದೆ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವನು ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಬಾಡಿಗೆ, ತೋಟದ ಉತ್ಪತ್ತಿಯಂಥ ಇಲ್ಲಿನ ಆದಾಯ ಅದಕ್ಕೆ ಹೋಗಬೇಕು. ಹೊರಗಿನ ದುಡಿಮೆಗೆ ಎನ್‌ಆರ್‌ಇ ಖಾತೆ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಹಣವನ್ನು ಮತ್ತೆ ಹೊರಕ್ಕೆ ಒಯ್ಯಲೂ ಅಡ್ಡಿಯಿಲ್ಲ.

ದುಡಿದ ಹಣ ಊರಿನಲ್ಲಿ ಏನಾಗಬೇಕು? ಜಾಗ, ಮನೆ. ಕಾರ್ಕಳದ ಕಡೆ ನಾಲ್ಕು ಎಕರೆ ಅಡಿಕೆ ತೋಟ ಮಾಡಬೇಕೆಂಬುದು ಮರುಭೂಮಿಯಲ್ಲಿ ಕುಳಿತವನ ಕನಸು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು ಕರ್ನಾಟಕ ಸರಕಾರ 2020ರಲ್ಲಿ ತೆಗೆದುಹಾಕಿತು. ಅದನ್ನು ಕೇಳಿ ಖುಷಿಪಟ್ಟವರಿಗೆ ಕೇಂದ್ರದ ಫೆಮಾ ಕಾಯ್ದೆ ನೆನಪಿರಬೇಕು. ಅನಿವಾಸಿ ಭಾರತೀಯನು ಗದ್ದೆ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮನೆ ನಿವೇಶನ, ಫ್ಲ್ಯಾಟ್, ಅಂಗಡಿಗೆ ಅಡ್ಡಿಯಿಲ್ಲ. ಇದರಿಂದಾಗಿ ತೋಟವನ್ನು ತಮ್ಮನ ಹೆಸರಿಗೋ ಭಾವನ ಹೆಸರಿಗೋ ಕೊಂಡವರಿದ್ದಾರೆ. ಹಣ ಒಬ್ಬನದು, ಆರ್‌ಟಿಸಿ ಇನ್ನೊಬ್ಬನದು. ಇಂಥ ಏರ್ಪಾಡನ್ನು ಕಾನೂನು ಒಪ್ಪುವುದು ಕಷ್ಟ, ಮನೆಯೊಳಗಿನ ವಿಶ್ವಾಸ ಮುರಿದರೆ ಹಿಂದೆ ಪಡೆಯುವುದು ಇನ್ನೂ ಕಷ್ಟ.

ಕುಟುಂಬದ ಆಸ್ತಿ ಪಾಲಾಗುವಾಗ ಗಲ್ಫಿನಲ್ಲಿರುವವನ ಸಹಿ ಬೇಕಾಗುತ್ತದೆ. ಅಳಿಯಸಂತಾನದ ಹಳೆಯ ಕುಟುಂಬವಾದರೆ ಹತ್ತಿಪ್ಪತ್ತು ಸಹಿ, ಅವುಗಳಲ್ಲಿ ನಾಲ್ಕು ಮುಂಬಯಿಯಲ್ಲಿ, ಮೂರು ದುಬಾಯಿಯಲ್ಲಿ, ಒಂದು ದಮ್ಮಾಮಿನಲ್ಲಿ. ಬರಲಾಗದವನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮುಖ್ತಾರುನಾಮೆ, ಅಂದರೆ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಲಕೋಟೆಯನ್ನು ದೇವರ ಕೋಣೆಯಲ್ಲಿ ಇಟ್ಟು ಮರೆತ ಮನೆಗಳಲ್ಲಿ ಇಡೀ ಪಾಲುಪಟ್ಟಿಯೇ ನಿಂತುಹೋಗುತ್ತದೆ.

ಇಷ್ಟೆಲ್ಲ ಕಾಗದದ ಗೋಜು ಏಕೆ ಎಂದು ಕೇಳುವವರಿಗೆ ಉತ್ತರ ಕೊಟ್ಟದ್ದು 1990ರ ಆಗಸ್ಟ್ 2. ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು, ಅವರಲ್ಲಿ ಕರಾವಳಿಯವರೂ ಸೇರಿದ್ದರು. ಬ್ಯಾಂಕುಗಳು ನಿಂತವು, ಕುವೈತ್ ದಿನಾರನ್ನು ಇರಾಕ್ ರದ್ದುಮಾಡಿತು. ಇರಾಕ್ ದಾಟಿ ಜೋರ್ಡಾನಿಗೆ ಬಸ್ಸಿನಲ್ಲಿ ಬಂದವರನ್ನು ಅಮ್ಮಾನಿನಿಂದ ಮುಂಬಯಿಗೆ ತರಲು ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟ ನಡೆಸಿತು. ಉಟ್ಟ ಬಟ್ಟೆಯಲ್ಲಿ ಬಂದವರ ಜೇಬಿನಲ್ಲಿ ಉಳಿದದ್ದು ಪಾಸ್‌ಪೋರ್ಟು, ಸಿವಿಲ್ ಐಡಿ. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿದಾಗ ಆ ಕಾಗದಗಳಿಗೆ ಬೆಲೆ ಬಂತು. ಕುವೈತಿನಲ್ಲಿ ಇದ್ದು ಹೊರಟದ್ದಕ್ಕೆ ಆಧಾರ ತೋರಿಸಿದವರಿಗೆ ಸರಕಾರದ ಮೂಲಕ ಡಾಲರುಗಳಲ್ಲಿ ಪರಿಹಾರ ದೊರೆಯಿತು.

2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಸತ್ತರು. ಪರಿಹಾರದ ಲೆಕ್ಕದಲ್ಲಿ ಮೃತರು ಅಲ್ಲಿ ಗಳಿಸುತ್ತಿದ್ದ ಸಂಬಳಕ್ಕೆ ದೊಡ್ಡ ಪಾತ್ರವಿತ್ತು. ಒಂದು ಪ್ರಕರಣ 2020ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಎದ್ದ ಮುಖ್ಯ ಪ್ರಶ್ನೆಗಳಲ್ಲೊಂದು ಭತ್ತೆಗಳನ್ನು ಸಂಬಳದಲ್ಲಿ ಸೇರಿಸಬೇಕೇ ಬೇಡವೇ ಎಂಬುದು. ಕೋರ್ಟು ಸೇರಿಸಬೇಕು ಎಂದಿತು. ಕಂಪೆನಿ ಕೊಟ್ಟ ಸಂಬಳದ ಚೀಟಿ ಮನೆಯವರ ಕೈಯಲ್ಲಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಮನೆ ಯಜಮಾನ ಅಲ್ಲಿ ಯಾವ ಬ್ಯಾಂಕಿನಲ್ಲಿ ಎಷ್ಟು ಇಟ್ಟಿದ್ದಾನೆ, ಯಾರನ್ನು ವಾರಸುದಾರರೆಂದು ಬರೆದಿದ್ದಾನೆ ಎಂಬುದು ಊರಿನಲ್ಲಿರುವ ಹೆಂಡತಿಗೆ ತಿಳಿಯದ ಮನೆಗಳು ಇಂದಿಗೂ ಇವೆ. ಖಾತೆದಾರ ತೀರಿಕೊಂಡರೆ ಯುಎಇಯಲ್ಲಿ ಖಾತೆಯನ್ನು ತಡೆಹಿಡಿಯುತ್ತಾರೆ, ನ್ಯಾಯಾಲಯದ ವಾರಸು ಆದೇಶ ಬರುವವರೆಗೆ ಹಣ ಅಲ್ಲೇ.

ಈ ವ್ಯವಹಾರ ಒಂದೇ ದಿಕ್ಕಿನದಲ್ಲ ಎಂಬುದನ್ನು ನೋಡಬೇಕಾದರೆ ಮಣಿಪಾಲಕ್ಕೆ ಹೋಗಬೇಕು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಆ ಗುಡ್ಡಕ್ಕೆ ಹೊರದೇಶದ ವಿದ್ಯಾರ್ಥಿಗಳು ಬರುತ್ತಲೇ ಇದ್ದಾರೆ. 1997ರಲ್ಲಿ ಮೆಲಾಕಾ ಮಣಿಪಾಲ ಕಾಲೇಜು ಶುರುವಾದ ಮೇಲೆ ಮಲೇಶಿಯದ ಮಕ್ಕಳ ಸಂಖ್ಯೆ ಏರಿತು. ಅವರಿಗೂ ನೋಂದಣಿ ಇದೆ, ಗಡುವು ಇದೆ. ಆರು ತಿಂಗಳಿಗೂ ಮೀರಿದ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನದೊಳಗೆ ಹೆಸರು ದಾಖಲಿಸಬೇಕು. ಕೋಣೆ ಬಾಡಿಗೆಗೆ ಕೊಟ್ಟವರು 24 ಗಂಟೆಯೊಳಗೆ ತಿಳಿಸಬೇಕು, ಸಿ ಫಾರ್ಮ್ ಎಂದು ಮಣಿಪಾಲದ ಮನೆಮಾಲಿಕರ ಬಾಯಲ್ಲಿರುವುದು ಇದೇ. ಮಗ ಸೌದಿಯಲ್ಲಿ ಇಕಾಮಕ್ಕೆ ಕಾಯುತ್ತಿರುವಾಗ ತಂದೆ ಇಲ್ಲಿ ಪರದೇಶದ ಹುಡುಗನ ಫಾರ್ಮ್ ತುಂಬುವುದು ಈ ಊರಿನಲ್ಲಿ ನಡೆಯಬಹುದಾದ ಮಾತು.

ಮರಳಿ ಬರುವವನಿಗೆ ಎಲ್ಲವೂ ತಿರುಗುಮುರುಗು. ಯುಎಇಯಲ್ಲಿ ನಿವೃತ್ತಿ ವೇತನ ಪರದೇಶದವರಿಗಿಲ್ಲ. ಗ್ರಾಚ್ಯುಟಿ ಉಂಟು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಬಾಡಿಗೆ, ನೀರು, ವಿದ್ಯುತ್, ಸಾಲ, ಎಲ್ಲ ಬಾಕಿ ತೀರಿಸಿ ವೀಸಾ ರದ್ದುಮಾಡಿಸಿ ಹೊರಡಬೇಕು. ಊರಿಗೆ ಬಂದ ಮೇಲೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಸಾಮಾನ್ಯ ಖಾತೆಗಳಾಗಿ ಬದಲಿಸಬೇಕು, ಪಡಿತರ ಚೀಟಿಗೆ ಹೆಸರು ಸೇರಿಸಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಬೇಕು. 2011ರಿಂದ ಅನಿವಾಸಿಗಳಿಗೂ ಮತದ ಹಕ್ಕಿದೆ, ಆದರೆ ಊರಿಗೆ ಬಂದೇ ಹಾಕಬೇಕಾದ್ದರಿಂದ ಹೆಚ್ಚಿನವರು ಹೆಸರೇ ದಾಖಲಿಸಿರುವುದಿಲ್ಲ. ಕೊನೆಗೆ ತಾಲೂಕು ಕಚೇರಿಯಲ್ಲಿ ತಂದೆಯ ಹೆಸರಿನಲ್ಲೇ ಉಳಿದ ಆರ್‌ಟಿಸಿಯನ್ನು ತನ್ನ ಹೆಸರಿಗೆ ಮಾಡಿಸಲು ವಂಶವೃಕ್ಷ ಬರೆದುಕೊಡಬೇಕು. ಗುಮಾಸ್ತ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರಲ್ಲಿರುವ ಸದಿಯ, ಪಾಸ್‌ಪೋರ್ಟಿನಲ್ಲಿರುವ ಸದಾನಂದ ಪೂಜಾರಿ, ಇಬ್ಬರೂ ನೀವೇ ಎನ್ನುವುದಕ್ಕೆ ಏನು ಆಧಾರ ಉಂಟು?